ನೀರು ಬಿದ್ದಿದೆ ಎಂದು ನಾನು ಬರೆದ ಫೋನು

ಮೊಬೈಲ್ ಫೋನಿನ ಸಿಮ್ ಹಾಕುವ ಖಾನೆಯೊಳಗೆ ಟಾರ್ಚು ಬಿಟ್ಟು ಇಣುಕಿದರೆ ಎಳ್ಳುಕಾಳಿನಷ್ಟು ಒಂದು ಬಿಳಿ ಚುಕ್ಕೆ ಕಾಣುತ್ತದೆ. ಕಾಗದದ ಚೂರು, ಅಷ್ಟೆ. ನೀರು ತಾಕಿದರೆ ಕೆಂಪಾಗುತ್ತದೆ, ಒಮ್ಮೆ ಕೆಂಪಾದದ್ದು ಮತ್ತೆ ಬೆಳ್ಳಗಾಗುವುದಿಲ್ಲ. ಚುಕ್ಕೆ ಬೆಳ್ಳಗಿದ್ದರೆ ತಪ್ಪು ಕಂಪನಿಯದು, ಕೆಂಪಗಿದ್ದರೆ ಗಿರಾಕಿಯದು. ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯ ಸರ್ವಿಸ್ ಸೆಂಟರಿನಲ್ಲಿ ಕುಳಿತು ನಾನು ದಿನಕ್ಕೆ ಎಷ್ಟೋ ಸಲ ಈ ತೀರ್ಪು ಕೊಡುತ್ತಿದ್ದೆ. ಕೊಡುವಾಗ ಒಮ್ಮೆಯೂ ಎರಡನೇ ಸಲ ಯೋಚಿಸಿದ ನೆನಪಿಲ್ಲ.

ನಮ್ಮ ಕಡೆಯ ಫೋನುಗಳ ದೊಡ್ಡ ಶತ್ರು ಧೂಳು. ವಾಡಿ, ಸೇಡಂ ಕಡೆಯವು ಸಿಮೆಂಟಿನ ಪುಡಿ ಹೊತ್ತು ಬರುತ್ತವೆ, ಶಹಾಬಾದದವು ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ದ ಪುಡಿ. ಮೇಜಿನ ಮೇಲಿಟ್ಟರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಕಾಣುತ್ತವೆ. ಕಂಪನಿಯ ನಿಯಮದ ಪ್ರಕಾರ ಮೊದಲು ಆ ಚುಕ್ಕೆಯ ಫೋಟೊ ತೆಗೆಯಬೇಕು, ಆಮೇಲೆ ಫೋನು ಒರೆಸಬೇಕು. ನಿಯಮ ಬರೆದವರು ವಾಡಿ ಸ್ಟೇಷನ್ನಿನಲ್ಲಿ ಇಳಿದವರಲ್ಲ. ಒರೆಸದೆ ತೆಗೆದ ಫೋಟೊ ಕಳಿಸಿದರೆ "ಸ್ಪಷ್ಟವಾಗಿಲ್ಲ" ಎಂದು ಅರ್ಧ ತಾಸಿನಲ್ಲಿ ತಿರುಗಿ ಬರುತ್ತಿತ್ತು. ವಾಡಿಯಲ್ಲಿ ನನಗೆ ಈ ಕೆಲಸ ಕಲಿಸಿದ ಉಸ್ತಾದರ ಮಾತೇ ಬೇರೆ ಇತ್ತು: "ಪಹಿಲೇ ಧೂಳು ತೆಗಿ ಬೇಟಾ, ಆಮ್ಯಾಲ ರೋಗ ನೋಡು." ಹಾಗಾಗಿ ನಮ್ಮ ಭಾಗದ ರಿಪೇರಿಯವರೆಲ್ಲ ಮಾಡುವುದು ಒಂದೇ. ಸಿಮ್ ಕೂರುವ ಟ್ರೇ ಹೊರಗೆಳೆದು, ಸಣ್ಣ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಖಾನೆಯೊಳಗೆ ಎರಡು ಸುತ್ತು ತಿರುಗಿಸುತ್ತೇವೆ. ಸ್ಪಿರಿಟ್ಟು ಕ್ಷಣದಲ್ಲಿ ಆರುತ್ತದೆ. ಆಮೇಲೆ ಟಾರ್ಚು, ಆಮೇಲೆ ಫೋಟೊ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಸುಲೇಪೇಟದ ಆಚೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದರು. ವಯಸ್ಸು ಮೂವತ್ತೈದರ ಆಸುಪಾಸು. ಸೆರಗಿನ ತುದಿಯಲ್ಲಿ ಸುತ್ತಿದ್ದ ಫೋನನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಬಿಲ್ಲು, ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ಜೋಪಾನ ಮಾಡಿ ತಂದಿದ್ದರು.

"ಹೊಸಾ ಫೋನ್ ರಿ. ತಗೊಂಡು ಹನ್ನೊಂದು ದಿನ ಆಯ್ತು. ಕ್ಯಾಮೆರಾ ತಗದ್ರ ಸಾಕು, ಗಪ್ಪನ ಬಂದ್ ಆಗ್ತದ."

"ದಿನಾ ಆಗ್ತದೇನ್ರಿ ಅಕ್ಕಾರ?"

"ದಿನಾ ಆಗಲ್ಲರಿ. ಆಗಬಾರ್ದ ಹೊತ್ತಿನ್ಯಾಗೇ ಆಗ್ತದ."

ನಾನು ನಕ್ಕೆ. ಅವರು ನಗಲಿಲ್ಲ. ಅವರು ತಮ್ಮ ಊರಿನ ಕಾಯಕ ಬಂಧು. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತುವ ನಲವತ್ತು ಜನರ ಗುಂಪಿಗೆ ಮುಂದಾಳು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೆಲಸದ ಜಾಗದಲ್ಲೇ ಫೋಟೊ ತೆಗೆದು ಹಾಜರಿಯ ಆ್ಯಪಿಗೆ ಏರಿಸುವುದು ಅವರ ಜವಾಬ್ದಾರಿ. ಅದಕ್ಕೆಂದೇ ಈ ಫೋನು ಕೊಂಡಿದ್ದರು.

"ಬುಟ್ಟಿ ಇಳಿಸಿ ಎಲ್ಲಾರೂ ಬಿಸಿಲಾಗ ನಿಂತಿರ್ತಾರ ಅಣ್ಣಾರ. ಫೋಟೊ ಏರಲಿಲ್ಲಂದ್ರ ಅವತ್ತಿನ ಹಾಜರಿ ಇಲ್ಲ. ಮೂರು ದಿನ ಹಿಂಗೇ ಹೋಗ್ಯಾವ. ಮಂದಿ ನನ್ನ ಮಾರಿ ನೋಡ್ಲಿಕತ್ತಾರ."

ನಾನು ಜಾಬ್ ಶೀಟ್ ತೆರೆದು, ಫೋನಿನ ನಂಬರು ಬರೆದುಕೊಂಡು, ಅವರೆದುರೇ ಕ್ಯಾಮೆರಾ ಒತ್ತಿದೆ. ತೆರೆಯಿತು. ಎರಡನೇ ಸಲ, ಮೂರನೇ ಸಲವೂ ತೆರೆಯಿತು. ಐದು ನಿಮಿಷ ವಿಡಿಯೊ ಮಾಡಿದೆ, ಏನೂ ಆಗಲಿಲ್ಲ. ಎಸಿ ಹಾಕಿದ ಕೋಣೆ, ಬಸ್ಸಿಗೆ ಹತ್ತುವ ಮೊದಲು ಮನೆಯಲ್ಲಿ ಪೂರ್ತಿ ಚಾರ್ಜು ಮಾಡಿ ತಂದ ಫೋನು. ಗಿರಾಕಿ ಹೇಳಿದ ರೋಗ ನಮ್ಮ ಕಣ್ಣೆದುರು ಬಾರದಿದ್ದರೆ ನಮಗೆ ಒಳಗೊಳಗೇ ಸಿಟ್ಟು ಬರುತ್ತದೆ, ಫೋನಿನ ಮೇಲಲ್ಲ, ಗಿರಾಕಿಯ ಮೇಲೆ. ಆ ಸಿಟ್ಟಿನಲ್ಲೇ ಟ್ರೇ ಎಳೆದೆ, ಬ್ರಷ್ ಆಡಿಸಿದೆ, ಟಾರ್ಚು ಬಿಟ್ಟೆ. ಚುಕ್ಕೆ ಕೆಂಪಗಿತ್ತು.

ಫೋಟೊ ಕಳಿಸಿದೆ. ವರದಿ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂತು. ಅವರಿಗೆ ತಿಳಿಯಲಿ ಎಂದು ಅದರ ಕೆಳಗೆ ನಾನೇ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದೆ: "ನೀರು ಬಿದ್ದಿದೆ. ವಾರಂಟಿ ಇಲ್ಲ." ನನ್ನ ಅಕ್ಷರ ದುಂಡಗಿದೆ ಎಂದು ಶಾಲೆಯಲ್ಲಿ ಹೊಗಳುತ್ತಿದ್ದರು.

"ಒಂದ ಹನಿ ಬಿದ್ದಿಲ್ಲರಿ. ಕೂಸಿನಂಗ ಸುತ್ತಿ ಇಟ್ಟೀನಿ."

"ಎಲ್ಲಾರೂ ಹಿಂಗೇ ಅಂತಾರ್ರಿ ಅಕ್ಕಾರ. ಚುಕ್ಕಿ ಸುಳ್ಳು ಹೇಳಲ್ಲ."

"ಮತ್ತ ನಾ ಹೇಳ್ತೀನೇನ್ರಿ?"

ನಾನು ಮುಂದಿನ ಟೋಕನ್ ನಂಬರು ಕೂಗಿದೆ.

ನಾಲ್ಕು ದಿನ ಬಿಟ್ಟು ಅವರು ಮತ್ತೆ ಬಂದರು. ಈ ಸಲ ಜೊತೆಗೆ ಒಬ್ಬ ಅಜ್ಜಿ ಇದ್ದಳು, ಅದೇ ಗುಂಪಿನವಳು, ಕುಂಕುಮ ದೊಡ್ಡದಾಗಿ ಇಟ್ಟುಕೊಂಡ ಗಟ್ಟಿ ಹೆಣ್ಣುಮಗಳು. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ಸರ್ವಿಸ್ ಸೆಂಟರಿನ ವರದಿಯೇ ಕೊನೆ ಎಂದಿದ್ದರಂತೆ. ಮಾರಿದ ಸುಲೇಪೇಟದ ಅಂಗಡಿಯವನೂ ಆ ಕಾಗದ ನೋಡಿ ಕೈ ಎತ್ತಿದ್ದ. ಊರಲ್ಲಿ ಯಾರೋ ನನ್ನ ದುಂಡನೆಯ ಅಕ್ಷರವನ್ನು ಎಲ್ಲರೆದುರು ಓದಿಬಿಟ್ಟಿದ್ದರು. ಇನ್ನೊಮ್ಮೆ ಬಿಚ್ಚಿ ನೋಡಿ ಎಂದಷ್ಟೇ ಅಕ್ಕನ ಬೇಡಿಕೆ. ಆಗುವುದಿಲ್ಲ ಎಂದೆ. ಆಗ ಅಜ್ಜಿ ಮೇಜಿನ ಮೇಲೆ ಎರಡೂ ಕೈಯೂರಿ ಬಾಗಿದಳು.

"ಖರೆ ಹೇಳು ತಮ್ಮಾ. ಇಕಿ ಫೋನ್ ಹಳ್ಳದಾಗ ಬೀಳ್ಸಿ ನಮ್ಮ ಮುಂದ ನಾಟಕ ಮಾಡ್ಲಿಕತ್ಯಾಳಂತ ಮಂದಿ ಅಂತಾರ. ನೀರು ಬಿದ್ದದೋ, ಇಲ್ಲೋ?"

ನನ್ನ ಕೈಯಲ್ಲಿ ಬೇರೊಂದು ಫೋನಿನ ತಿರುಪು ಇತ್ತು. ತಲೆ ಎತ್ತಲಿಲ್ಲ.

"ಬಿದ್ದದವ್ವಾ. ಬರದು ಕೊಟ್ಟೀನಲ್ಲ."

ಅಜ್ಜಿ ಅಕ್ಕನ ಮುಖವನ್ನೊಮ್ಮೆ ನೋಡಿ ಹೊರಗೆ ಹೋದಳು. ಅಕ್ಕ ಫೋನನ್ನು ಮತ್ತೆ ಸೆರಗಿನ ತುದಿಯಲ್ಲಿ ಸುತ್ತಿಕೊಂಡರು. ಆಮೇಲೆ ಅವರೂ ಹೋದರು.

ಅದೇ ವಾರದ ಕೊನೆಗೆ ನಡೆದದ್ದು ಇದು. ಗಿರಾಕಿಗಳಿಗೆ ತೋರಿಸಲೆಂದು ಹೊಸ ಮಾದರಿಯ ಒಂದು ಫೋನು ಬಂದಿತ್ತು. ಮೂರು ದಿನದಿಂದ ಗಾಜಿನ ಮೇಜಿನ ಮೇಲೆ ನಿಂತು ಊರಿನ ಧೂಳು ಕುಡಿಯುತ್ತಿತ್ತು. ಅದಕ್ಕೊಂದು ಸಿಮ್ ಹಾಕಲು ಟ್ರೇ ಎಳೆದೆ. ಚುಕ್ಕೆ ಅಕ್ಕಿಯ ಹಾಗೆ ಬೆಳ್ಳಗಿತ್ತು. ಅಭ್ಯಾಸ ಬಿಡಬೇಕಲ್ಲ, ಬ್ರಷ್ ಅದ್ದಿ ಎರಡು ಸುತ್ತು ತಿರುಗಿಸಿದೆ. ಸಿಮ್ ಇಡುವಾಗ ಮತ್ತೆ ಒಳಗೆ ನೋಡಿದೆ. ಕೆಂಪು.

ಮೊದಲು ನನಗೆ ಅರ್ಥವಾಗಲಿಲ್ಲ. ಬೇರೆ ಫೋನು ಎತ್ತಿಕೊಂಡೆನೋ ಏನೋ ಎಂದು ನಂಬರು ನೋಡಿದೆ. ಆಮೇಲೆ ಕಣ್ಣು ಸ್ಪಿರಿಟ್ಟಿನ ಬಾಟಲಿಯ ಮೇಲೆ ಹೋಯಿತು. ಬಾಟಲಿ ಹಳೆಯದೇ, ಒಳಗಿನದು ಬೇರೆ. ಕಲಬುರಗಿಯಿಂದ ಬರಬೇಕಾದ ಶುದ್ಧ ಸ್ಪಿರಿಟ್ಟು ಎರಡು ವಾರ ತಡವಾಗಿತ್ತು. ಕೆಲಸ ನಿಲ್ಲಬಾರದೆಂದು ನಾನೇ ಎದುರಿನ ಮೆಡಿಕಲ್ ಅಂಗಡಿಯಿಂದ, ಸೂಜಿ ಚುಚ್ಚುವ ಮೊದಲು ತೋಳು ಒರೆಸುವ ಸ್ಪಿರಿಟ್ಟು ತಂದು ಆ ಬಾಟಲಿಗೆ ತುಂಬಿಸಿದ್ದೆ. ಅಂಗಡಿಯ ಬಾಟಲಿ ಇನ್ನೂ ಕಪಾಟಿನಲ್ಲಿತ್ತು. ತೆಗೆದು ಓದಿದೆ. ನೂರಕ್ಕೆ ಎಪ್ಪತ್ತು ಭಾಗ ಸ್ಪಿರಿಟ್ಟು. ಉಳಿದದ್ದು ನೀರು.

ಹಳೆಯ ಬೋರ್ಡಿನಿಂದ ನಾಲ್ಕು ಬಿಳಿ ಚುಕ್ಕೆಗಳನ್ನು ಕಿತ್ತು ಕಾಗದದ ಮೇಲೆ ಅಂಟಿಸಿ ಬ್ರಷ್ಷು ತಾಗಿಸಿದೆ. ನಾಲ್ಕೂ ಒಂದೊಂದಾಗಿ ಕೆಂಪೇರಿದವು. ಮಂಗ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಗಾದೆಯ ಮಂಗನಿಗಾದರೂ ತಾನು ಮಾಡುತ್ತಿರುವುದು ಗೊತ್ತಿತ್ತು. ನಾನು ಗೊತ್ತಿಲ್ಲದೆ ಒರೆಸಿದ್ದೆ, ಆಮೇಲೆ ಸಹಿ ಹಾಕಿ ಮುದ್ರೆಯೊತ್ತಿ ಕೊಟ್ಟಿದ್ದೆ. ಜಾಬ್ ಶೀಟುಗಳನ್ನು ತಿರುವಿ ನೋಡಿದೆ. ಬಾಟಲಿ ತುಂಬಿಸಿದ ದಿನದಿಂದ ನೀರಿನ ಹೆಸರಲ್ಲಿ ಹನ್ನೊಂದು ಫೋನುಗಳನ್ನು ಹಿಂದಕ್ಕೆ ಕಳಿಸಿದ್ದೆ. ಅವುಗಳಲ್ಲಿ ನಿಜವಾಗಿ ನೀರಿಗೆ ಬಿದ್ದವು ಯಾವುವು ಎಂಬುದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ.

ಮಾಲೀಕರಿಗೆ ಹೇಳಿದೆ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಮೆತ್ತನೆಯ ಮಾತು; ನನ್ನ ತಂಗಿಯ ಮದುವೆಗೆ ಕೇಳುವ ಮೊದಲೇ ಹಣ ಕೊಟ್ಟು ನೆರವಾದವರು. ಬಾಗಿಲು ಹಾಕಿ ಬಾ ಎಂದರು.

"ಆ ಬಾಟ್ಲಿ ಚೆಲ್ಲು. ಹೊಸಾದು ನಾಳೀಗೇ ತರಸ್ತೀನಿ. ಆದದ್ದು ಆಗಿಹೋಯ್ತು."

"ಹನ್ನೊಂದು ಮಂದಿರಿ ಸಾವ್ಕಾರ್ರ."

"ಇಲ್ಲಿ ಆರು ಮಂದಿ ಅನ್ನ ಉಣ್ಲಿಕತ್ತೀರಿ. ಸುಳ್ಳು ರಿಪೋರ್ಟ್ ಕೊಟ್ಟಾರಂತ ಕಂಪನಿ ಬಾಗ್ಲಾ ಹಾಕ್ಸಿದ್ರ ಯಾರಿಗೆ ಹೇಳ್ತಿ? ಜರಾ ವಿಚಾರ ಮಾಡು."

ಅವರ ಮಾತು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಪೂರ್ತಿ ಅನ್ನಿಸುವುದಿಲ್ಲ. ತಲೆಯಾಡಿಸಿದೆ. ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಬಾಗಿಲಲ್ಲಿ ಸೀರೆಯ ಸೆರಗು ಕಂಡರೆ ಒಳಕೋಣೆಗೆ ಸರಿಯುತ್ತಿದ್ದೆ. ಊಟದ ಡಬ್ಬಿ ಹಾಗೇ ಮನೆಗೆ ಹೋಗುತ್ತಿತ್ತು. ನನ್ನ ಮನೆ ಚಿತ್ತಾಪುರದಲ್ಲಿ, ದಿನವೂ ರೈಲಿನಲ್ಲಿ ಓಡಾಡುವವನು. ಮೂರನೆಯ ದಿನ ಸೇಡಂನಲ್ಲಿ ಇಳಿದವನು ಸೆಂಟರಿಗೆ ಹೋಗಲಿಲ್ಲ. ತಪ್ಪಾಗಿ ಬರೆದದ್ದನ್ನು ಬಾಟಲಿಯ ಮೇಲೆ ಹಾಕಬಹುದಿತ್ತು. ಆದರೆ ಆ ಅಜ್ಜಿ ಖರೆ ಹೇಳು ಎಂದು ಕೇಳಿದಾಗ ತಲೆ ಕೂಡ ಎತ್ತದೆ "ಬಿದ್ದದವ್ವಾ" ಅಂದದ್ದು ನನ್ನದೇ ಬಾಯಿ. ಸುಲೇಪೇಟದ ಬಸ್ಸು ಹತ್ತಿದೆ.

ಅಲ್ಲಿಂದ ಅಕ್ಕನ ಊರಿನ ಕೆರೆಯಂಗಳಕ್ಕೆ ಹೋದಾಗ ಹೊತ್ತು ನೆತ್ತಿಗೆ ಬಂದಿತ್ತು. ಅಕ್ಕ ತಲೆಯ ಮೇಲೆ ಹೂಳಿನ ಬುಟ್ಟಿ ಹೊತ್ತು ಕೆರೆಯ ಏರಿ ಹತ್ತುತ್ತಿದ್ದರು. ಅವರ ಜಾಗಕ್ಕೆ ಆ ವಾರವೇ ಬೇರೊಬ್ಬ ಹುಡುಗಿಯನ್ನು ಆರಿಸಿದ್ದರು. ಅವಳು ಕೈಯಲ್ಲಿ ಫೋನು ಹಿಡಿದು ನೆರಳಲ್ಲಿ ಕುಳಿತಿದ್ದಳು. ನನ್ನನ್ನು ಕಂಡು ಅಕ್ಕ ಬುಟ್ಟಿ ಇಳಿಸಿದರು. ಫೋನು ಕೇಳಿದೆ, ಕೊಟ್ಟರು.

ಚಾರ್ಜು ಅರ್ಧಕ್ಕಿಂತ ಕಡಿಮೆ ಇತ್ತು. ಬಿಸಿಲಿಗೆ ಪರದೆ ಕಾಣಲೆಂದು ಬೆಳಕನ್ನು ಪೂರ್ತಿ ಏರಿಸಿ, ಹಾಜರಿಗೆ ಬೇಕಾಗುವ ಹಾಗೆ ಲೊಕೇಶನ್ ಹಾಕಿ, ಕ್ಯಾಮೆರಾ ಒತ್ತಿದೆ. ಫೋನು ಕಣ್ಣು ಮುಚ್ಚಿತು. ಮತ್ತೆ ಹಚ್ಚಿ, ಬ್ಯಾಟರಿಯ ವೋಲ್ಟೇಜ್ ತೋರಿಸುವ ಆ್ಯಪ್ ತೆರೆದಿಟ್ಟು ಕ್ಯಾಮೆರಾ ಒತ್ತಿದೆ. ಅಂಕಿ ಒಮ್ಮೆಲೇ ಕುಸಿದು ಫೋನು ಮತ್ತೆ ಆರಿತು. ಬ್ಯಾಟರಿಯೇ ಸೋತದ್ದು. ತಂಪಿನಲ್ಲಿ, ತುಂಬಿದ ಚಾರ್ಜಿನಲ್ಲಿ ಹೇಗೋ ತಾಳಿಕೊಳ್ಳುತ್ತಿತ್ತು. ಬಿಸಿಲಲ್ಲಿ ಮೂರು ಕೆಲಸ ಒಟ್ಟಿಗೆ ಹೇಳಿದರೆ ಕೈಬಿಡುತ್ತಿತ್ತು. ಆಗಬಾರದ ಹೊತ್ತಿನಲ್ಲೇ ಆಗುತ್ತದೆ ಎಂದು ಅಕ್ಕ ಹೇಳಿದ್ದಕ್ಕಿಂತ ಸರಿಯಾಗಿ ಈ ದೋಷವನ್ನು ಯಾವ ಇಂಜಿನಿಯರೂ ಹೇಳಲಾರ. ಮೂರು ಸಲ ಹಾಗೆ ಮಾಡಿ ನನ್ನ ಫೋನಿನಲ್ಲಿ ವಿಡಿಯೊ ತೆಗೆದುಕೊಂಡೆ.

"ನೋಡಿದ್ರಿಲ್ಲ?" ಎಂದರು ಅಕ್ಕ.

"ನೋಡಿದೆರಿ. ಬ್ಯಾಟರಿ ಖರಾಬದ."

"ಮತ್ತ ನೀರು?"

ಸುತ್ತ ಹೆಂಗಸರು ಸೇರಿದ್ದರು. ಅಜ್ಜಿ ಮುಂದೆಯೇ ನಿಂತಿದ್ದಳು. "ಮ್ಯಾಲಿನವ್ರು ಇನ್ನೊಮ್ಮೆ ಚೆಕ್ ಮಾಡು ಅಂದಾರ್ರಿ" ಅಂದೆ. ಯಾರೋ ಕೊಡದಿಂದ ನೀರು ಬಗ್ಗಿಸಿ ಕೊಟ್ಟರು, ಕುಡಿದೆ. ಹೊಲದ ದಾರಿಯಲ್ಲಿ ತಿರುಗಿ ನೋಡದೆ ಬಸ್ಸಿಗೆ ಬಂದೆ. ತಪ್ಪು ಮಾಡಿದಾಗ ನನಗೆ ಗೊತ್ತಿರಲಿಲ್ಲ ಎನ್ನಬಹುದು. ಅವತ್ತು ಕೆರೆಯಲ್ಲಿ ಎಲ್ಲವೂ ಗೊತ್ತಿತ್ತು.

ಮರುದಿನ ಹಳೆಯ ವರದಿ ತಿದ್ದಲು ಕುಳಿತೆ. ಕೊಂಡ ಎರಡು ವಾರದೊಳಗೆ ದೋಷ ದಾಖಲಾಗಿದ್ದರೆ ಕಂಪನಿ ಒಂದು ಪ್ರಮಾಣಪತ್ರ ಕೊಡುತ್ತದೆ. ಅದನ್ನು ತೋರಿಸಿದರೆ ಅಂಗಡಿಯವನು ಹಣ ವಾಪಸ್ ಕೊಡಲೇಬೇಕು. ಅಕ್ಕ ಮೊದಲ ಸಲ ಬಂದದ್ದು ಹನ್ನೊಂದನೇ ದಿನ. ನನ್ನ ಆ ಒಂದು ವರದಿ ಸರಿಯಾದರೆ ಸಾಕಿತ್ತು. ತಿದ್ದುಪಡಿಗೆ ಕಾರಣ ಆರಿಸಬೇಕು. ಪಟ್ಟಿಯಲ್ಲಿ ತಪ್ಪನ್ನು ಆ ಚುಕ್ಕೆಯ ಮೇಲೆಯೇ ಹಾಕುವ "ಸ್ಟಿಕರ್ ದೋಷ" ಎಂಬುದಿತ್ತು, "ತಂತ್ರಜ್ಞನ ತಪ್ಪು" ಎಂಬುದೂ ಇತ್ತು. ಮೊದಲನೆಯದನ್ನು ಒತ್ತಿದರೆ ಅಕ್ಕನಿಗೆ ಹಣ ಬರುತ್ತಿತ್ತು, ನನಗೆ ಏನೂ ಆಗುತ್ತಿರಲಿಲ್ಲ, ಮಾಲೀಕರೂ ನೆಮ್ಮದಿಯಾಗಿರುತ್ತಿದ್ದರು. ಆದರೆ ಉಳಿದ ಹತ್ತು ಫೋನುಗಳು ಹಾಗೇ ಉಳಿಯುತ್ತಿದ್ದವು. ಎರಡನೆಯದನ್ನು ಒತ್ತಿ, ಬಾಟಲಿಯ ವಿಷಯ ಪೂರ್ತಿ ಬರೆದು, ಹನ್ನೊಂದೂ ಜಾಬ್ ಶೀಟಿನ ನಂಬರು ಸೇರಿಸಿ, ವಿಡಿಯೊ ಲಗತ್ತಿಸಿ ಕಳಿಸಿದೆ. ಆಮೇಲೆ ಮಾಲೀಕರ ಕೋಣೆಗೆ ಹೋದೆ.

"ನನಗ ಹೇಳಿ ಮಾಡ್ಬೇಕಿತ್ತಪಾ" ಎಂದರು. ಆ ದಿನದಿಂದ ಚಹಾ ಕುಡಿಯಲು ನನ್ನನ್ನು ಕರೆಯುವುದನ್ನು ಬಿಟ್ಟರು.

ಸೆಂಟರಿಗೆ ಎಚ್ಚರಿಕೆಯ ಪತ್ರ ಬಂತು, ಬಾಗಿಲು ಮುಚ್ಚಲಿಲ್ಲ. ಕಂಪನಿ ಕೊಟ್ಟಿದ್ದ ನನ್ನ ಐಡಿ ಒಂದು ತಿಂಗಳು ಬಂದ್ ಆಯಿತು, ಅದಿಲ್ಲದೆ ರಿಪೇರಿ ಮಾಡುವಂತಿಲ್ಲ. ಸ್ಕ್ರೂಡ್ರೈವರ್ ಹಿಡಿಯುವ ಕೈಯಲ್ಲಿ ಟೋಕನ್ ಹಂಚಿದೆ. ಉಳಿದ ಹತ್ತು ಜನರಿಗೂ ನಾನೇ ಫೋನು ಮಾಡಿ ಕರೆದೆ. ಕೆಲವರು ಬಂದರು, ಕೆಲವರು ಬೈದರು. ಶಹಾಬಾದದ ಕಲ್ಲು ಗಣಿಯವನೊಬ್ಬ ಫೋನನ್ನು ಆಗಲೇ ಸಿಕ್ಕಷ್ಟಕ್ಕೆ ಮಾರಿಬಿಟ್ಟಿದ್ದ. "ಈಗ ಹೇಳಿ ಏನ್ ಮಾಡ್ತೀರಿ?" ಎಂದು ಕೇಳಿ ಇಟ್ಟ. ಅಕ್ಕನ ಪ್ರಮಾಣಪತ್ರ ಎಂಟನೇ ದಿನಕ್ಕೆ ಬಂತು. ಸುಲೇಪೇಟದ ಅಂಗಡಿಯವನು ಹಣದ ಬದಲು ಅದೇ ಮಾದರಿಯ ಇನ್ನೊಂದು ಫೋನು ಕಟ್ಟಲು ನೋಡಿದ. ಅಕ್ಕ ಪಟ್ಟು ಬಿಡಲಿಲ್ಲ. ನಾನೂ ಸೆಂಟರಿನಿಂದ ಮಾತಾಡಿದೆ. ಕೊನೆಗೆ ಹಣ ಎಣಿಸಿ ಕೊಟ್ಟ.

ಮರುವಾರ ಅಕ್ಕ ಸೆಂಟರಿಗೆ ಬಂದರು, ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದನ್ನು ನಾನು ಕುಳಿತಿದ್ದ ಟೋಕನ್ ಮೇಜಿನ ಮೇಲೆ ಇಟ್ಟರು.

"ತೊಗರಿ ಬ್ಯಾಳಿರಿ. ಮನಿದು. ಯಾರೂ ಕೇಳಲಾರದಾಗ ನೀವು ಅಷ್ಟು ದೂರ ಬಂದು ನೋಡಿದ್ರಿ. ನಿಮ್ಮಂಥವ್ರು ಇರಬೇಕ್ರಿ ಅಣ್ಣಾರ."

ಆ ಮಾತು ಕೇಳಿ ನನಗೆ ನೆಲ ಬಿರಿದರೆ ಸಾಕು ಅನ್ನಿಸಿತು. ಕುಂದ್ರಿ ಎಂದೆ. ಕುಳಿತರು. ಬಾಟಲಿ, ಬ್ರಷ್ಷು, ಚುಕ್ಕೆ, ಮಾಲೀಕರ ಮಾತು ಕೇಳಿ ಸುಮ್ಮನಿದ್ದ ಎರಡು ದಿನ, ಎಲ್ಲ ಹೇಳಿದೆ. ನಾನು ಮುಗಿಸುವವರೆಗೆ ಅವರು ಚೀಲದ ಬಾಯಿಯ ದಾರವನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು.

"ಅಂದ್ರ ಕೆರೀಗಿ ಬಂದಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತರಿ."

"ಎಲ್ಲಾರೂ ಅಲ್ಲೇ ನಿಂತಿದ್ರು. ನಾ ಬಾಯಿ ಬಿಟ್ಟು ಕೇಳಿದೆ."

"ಹೌದ್ರಿ."

"ರೊಕ್ಕ ಬಂತರಿ. ನಾಳಿ ಇನ್ನೊಂದು ಫೋನ್ ಬರ್ತದ. ನನ್ನ ಮಾತು ಹೋಗ್ಯಾದಲ್ಲ, ಅದನ್ನ ಯಾವ ದುಕಾನ್ದಾಗ ವಾಪಸ್ ಕೊಡ್ತಾರ್ರಿ?"

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಚೀಲವನ್ನು ಮತ್ತೆ ಕೈಗೆ ತೆಗೆದುಕೊಂಡು ಬಾಗಿಲು ದಾಟಿ ಹೋದರು.

ಮರುದಿನ ಮಧ್ಯಾಹ್ನ ನಾನು ಕೆರೆಯಂಗಳ ಮುಟ್ಟಿದಾಗ ಹುಡುಗಿ ಎಲ್ಲರನ್ನೂ ಹಾಜರಿಯ ಫೋಟೊಗೆ ಸಾಲು ನಿಲ್ಲಿಸುತ್ತಿದ್ದಳು. ಅಕ್ಕ ಕೊನೆಯಲ್ಲಿದ್ದರು. ಫೋಟೊ ಏರುವವರೆಗೆ ಕಾದೆ. ಆಮೇಲೆ ಸಾಲಿನ ಎದುರು ನಿಂತು, ಎರಡು ಮಾತು ಹೇಳಬೇಕು ಎಂದೆ. ಧ್ವನಿ ಏಳಲಿಲ್ಲ. "ಗಟ್ಟ್ಯಾಗಿ ಹೇಳೋ ತಮ್ಮಾ" ಎಂದು ಯಾರೋ ಕೂಗಿದರು. ಗಟ್ಟಿಯಾಗಿ ಹೇಳಿದೆ: ಫೋನಿಗೆ ನೀರು ಬಿದ್ದಿರಲಿಲ್ಲ, ನೀರು ಹಾಕಿದವನು ನಾನು, ಅಕ್ಕ ಹೇಳಿದ ಪ್ರತಿ ಮಾತೂ ಖರೆ, ನಾನು ಬರೆದುಕೊಟ್ಟದ್ದು ಸುಳ್ಳು.

ಒಬ್ಬಳು ಥೂ ಎಂದಳು. ಅಜ್ಜಿ ಮುಂದೆ ಬಂದಳು. ನನ್ನನ್ನು ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ. ಅವಳು ನನಗೆ ಬೆನ್ನು ಮಾಡಿ ಸಾಲಿನ ಕಡೆ ತಿರುಗಿದಳು.

"ಇವ ಎಲ್ಲಿಯವನೋ, ಇಕೀನ್ನ ಕಂಡವನಲ್ಲ. ನಾವು? ಹನ್ನೆರಡು ವರ್ಷ ಇಕಿ ಜೋಡಿ ಮಣ್ಣು ಹೊತ್ತೀವಿ. ಓದ್ಲಿಕ್ಕ ಬರಲಾರ್ದ ಮಂದಿ ನಾವು, ಕಾಗದ ನಂಬಿದ್ವಿ. ಇಕೀನ್ನ ನಂಬಲಿಲ್ಲ."

ಹುಡುಗಿ ತನ್ನ ಕೈಯಲ್ಲಿದ್ದ ಫೋನನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನ ಹಿಂದೆ ಮರೆಮಾಡಿದಳು. ಅಕ್ಕ ತುಂಬಿದ ಬುಟ್ಟಿಯ ಬಳಿ ಹೋಗಿ ಬಾಗಿದರು. ಅಜ್ಜಿ ಓಡಿಹೋಗಿ ಇನ್ನೊಂದು ಕಡೆಯಿಂದ ಕೈ ಹಚ್ಚಿದಳು. ಅಕ್ಕ ಆ ಕೈಯನ್ನು ಮೆಲ್ಲಗೆ ಸರಿಸಿ, ಬುಟ್ಟಿಯನ್ನು ಒಬ್ಬರೇ ತಲೆಗೆ ಏರಿಸಿಕೊಂಡು ಕೆರೆಯ ಏರಿ ಹತ್ತಿದರು.